ಮಂಡಿ ನೋವು

"ಮಂಡಿ ನೋವ್ ಅಮ್ಮಾ. ಎರಡ್ ದಿನ ಆಯ್ತ್, ತಡ್ಕಂಬುಕೆ ಆತಿಲ್ಲ" ಎಂದಳು ಪದ್ದು.

ಡಾಕ್ಟರ್ ವಿನಯಾ ಚೀಟಿ ಬರೆಯುವುದನ್ನು ನಿಲ್ಲಿಸದೆ ಮೇಜಿನಾಚೆ ಕಾಣುತ್ತಿದ್ದ ಪಾದಗಳ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಪಾದಗಳು ಊದಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗಿತ್ತು. "ಎಂಟನೇ ತಿಂಗಳಲ್ವಾ, ಇರುತ್ತೆ ಕಣಮ್ಮ. ಭಾರ ಎಲ್ಲಾ ಮಂಡಿ ಮೇಲೇ ತಾನೇ ಬೀಳೋದು?"

"ಹೌದಮ್ಮಾ. ಮೀನ್ ಬುಟ್ಟಿ ಹೊತ್ತ್ ಹೊತ್ತೇ ಹೀಂಗಾಯ್ತ್ ಕಾಣಿ."

"ಇನ್ಮೇಲೆ ಭಾರ ಹೊರಬೇಡ. ಮುಲಾಮು ಬರ್ದಿದ್ದೀನಿ. ಮಲಗೋವಾಗ ಚೆನ್ನಾಗಿ ಹಚ್ಚಿ ತಿಕ್ಕಿಕೋ."

"ಆಯ್ತಮ್ಮಾ."

ಮಾತು ಎಲ್ಲೂ ತೊಡಕಿಲ್ಲದೆ ಮುಗಿಯಿತು. ಇಬ್ಬರೂ ಆಡಿದ್ದು ಕನ್ನಡವೇ, ಇಬ್ಬರಿಗೂ ಎಲ್ಲ ಅರ್ಥವಾಗಿತ್ತು. ಅರ್ಥವಾದದ್ದು ಮಾತ್ರ ಬೇರೆ ಬೇರೆ ಎಂದು ಆ ಕೋಣೆಯಲ್ಲಿ ತಿಳಿದಿದ್ದವಳು ಒಬ್ಬಳೇ. ಫೈಲು ಎದೆಗವಚಿಕೊಂಡು ಗೋಡೆಯ ಬದಿಗೆ ನಿಂತಿದ್ದ ಆಯಾ ಹುಲಿಗೆಮ್ಮ. ಮೈಸೂರಿನಿಂದ ಬಂದ ಡಾಕ್ಟರಿಗೆ ಮಂಡಿ ಎಂದರೆ ಮೊಣಕಾಲು. ಕುಂದಾಪುರದ ಕಡೆಯವರಿಗೆ ಮಂಡಿ ಎಂದರೆ ತಲೆ.

ಎರಡು ದಿನದಿಂದ ತಡೆಯಲಾಗದ ತಲೆನೋವು. ಪಾದ ಊದಿದೆ. ಬೆಳಿಗ್ಗೆ ಸಿಸ್ಟರ್ ನೋಡಿದ ಬಿಪಿ ನೂರ ನಲವತ್ತು, ತೊಂಬತ್ತು. ಬೈಂದೂರಿನಿಂದ ಬಸ್ಸಿನಲ್ಲಿ ನಿಂತು ಬಂದವರಿಗೆ ಅಷ್ಟು ಇರುತ್ತದೆಂದು ಅದನ್ನು ಹಾಗೇ ಬರೆದುಕೊಂಡಿದ್ದರು. ಈ ಮೂರನ್ನೂ ಒಟ್ಟಿಗಿಟ್ಟರೆ ಏನಾಗುತ್ತದೆಂದು ಹುಲಿಗೆಮ್ಮ ಓದಿರಲಿಲ್ಲ. ಆದರೆ ಈ ನರ್ಸಿಂಗ್ ಹೋಮಿನ ಯಜಮಾನರಾದ ದೊಡ್ಡ ಡಾಕ್ಟರು ದಿನ ತುಂಬುತ್ತಿದ್ದ ಪ್ರತಿ ಬಸುರಿಯನ್ನೂ "ಮಂಡಿ ನೋವಿತ್ತಾ? ಕಣ್ಣ್ ಮಂಜ್ ಆತಿತ್ತಾ?" ಎಂದು ಕೇಳುವುದನ್ನು ಎರಡು ವರ್ಷ ಕೇಳಿದ್ದಳು. ಹೌದು ಎಂದವಳನ್ನು ಅವರು ಮನೆಗೆ ಕಳುಹಿಸಿದ್ದನ್ನು ಒಮ್ಮೆಯೂ ಕಂಡಿರಲಿಲ್ಲ.

ಬಾಯಿ ತೆರೆದಳು. ಡಾಕ್ಟರ್ ವಿನಯಾ ತಲೆಯೆತ್ತಿ ಅವಳನ್ನು ನೋಡಿದರು. ಹುಲಿಗೆಮ್ಮ ಬಾಯಿ ಮುಚ್ಚಿದಳು.

"ನೆಕ್ಸ್ಟ್ ಕರಿ" ಎಂದರು ಡಾಕ್ಟರ್.

*

ಮಂಡಿ ಎಂಬ ಆ ಒಂದು ಮಾತನ್ನು ಹುಲಿಗೆಮ್ಮ ಕಲಿತದ್ದು ಎಂಟನೇ ವಯಸ್ಸಿನಲ್ಲಿ, ತೊಂಬತ್ತೇಳನೇ ಇಸವಿಯಲ್ಲಿ. ಅಪ್ಪ, ಅವ್ವನ ಜೊತೆ ಕೊಪ್ಪಳದ ಕಡೆಯಿಂದ ಹೆಮ್ಮಾಡಿ ಹತ್ತಿರದ ಕೆಂಪುಕಲ್ಲಿನ ಕ್ವಾರಿಗೆ ಬಂದ ಹೊಸತು. ದಿನಾ ಮಧ್ಯಾಹ್ನ ಕ್ವಾರಿಯ ತಗಡಿನ ಶೆಡ್ಡುಗಳ ಮುಂದೆ ಮೀನು ಮಾರಲು ಜಲಜ ಎಂಬ ಹೆಂಗಸು ಬರುತ್ತಿದ್ದಳು. ತುಂಬಿದ ಬುಟ್ಟಿಯನ್ನು ಒಬ್ಬಳೇ ತಲೆಗೇರಿಸುವುದು ಸುಲಭವಲ್ಲ, ಯಾರಾದರೂ ಒಂದು ಕೈ ಕೊಡಬೇಕು. ಆ ದಿನ ದೊಡ್ಡವರೆಲ್ಲ ಕಲ್ಲಿನ ಗುಂಡಿಯಲ್ಲಿದ್ದರು.

"ಹೆಣೆ, ಒಂಚೂರ್ ಕೈ ಕೊಡ್. ಮಂಡಿ ಮೇಲೆ ಇಡುವ" ಎಂದಳು ಜಲಜ, ಕುಕ್ಕರಗಾಲಲ್ಲಿ ಕೂತು.

ಹುಡುಗಿ ಹಲ್ಲು ಕಚ್ಚಿ ಬುಟ್ಟಿಯ ಅಂಚು ಹಿಡಿದೆತ್ತಿ, ಹೇಳಿದ ಮಾತು ತಪ್ಪದೆ ಜಲಜಳ ಮೊಣಕಾಲಿನ ಮೇಲೆ ಇಟ್ಟುಬಿಟ್ಟಳು. ಬೈಗೆ ಮೀನಿನ ನೀರು ಸೀರೆಗೆಲ್ಲ ಸುರಿಯಿತು. ಜಲಜ ಬೈಯುವ ಬದಲು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅದಲ್ದೇ ಮಾರಾಯ್ತಿ, ಇದ್!" ಎಂದು ತನ್ನ ತಲೆಯನ್ನೇ ತಟ್ಟಿ ತೋರಿಸಿದಳು. ಅಂದಿನಿಂದ ಆಕೆಯ ಬಾಯಲ್ಲಿ ಹುಲಿಗೆಮ್ಮ 'ಮಂಡಿ ಹೆಣ್ಣ್' ಆದಳು. ಕತೆ ಹೆಮ್ಮಾಡಿಯ ಮನೆಮನೆಗೂ ಮೀನಿನ ಜೊತೆಗೇ ಹೋಯಿತು.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಹುಲಿಗೆಮ್ಮ ಮೀನು ತಿನ್ನಲು ಕಲಿತಳು, ಮುಳ್ಳು ಬಿಡಿಸಲು ಕಲಿತಳು, 'ಬರ್ತೀನಿ' ಬಿಟ್ಟು 'ಬತ್ತೆ' ಎನ್ನಲು ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ ಹೈಸ್ಕೂಲಿಗೆ ಬರುವಷ್ಟರಲ್ಲಿ, ಹೆಸರು ಕೇಳುವವರೆಗೂ ಅವಳು ಹೊರಗಿನವಳೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹೆಸರು ಕೇಳಿದ ಮೇಲೆ ಮಾತ್ರ ಎಲ್ಲರ ಮುಖದಲ್ಲೂ ಒಂದೇ ಮಾತು ಮೂಡುತ್ತಿತ್ತು, "ಓ, ಘಟ್ಟದವ್ರಾ."

ಓದಿನಲ್ಲಿ ಚುರುಕು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ಕಾಲೇಜಿಗೆ ಎರಡನೆಯವಳಾಗಿ ಪಾಸಾದಳು. ಸಿಇಟಿ ಬರೆದಳು. ಮೆಡಿಕಲ್ ಸೀಟು ಸಿಗುವಷ್ಟು ರ್‍ಯಾಂಕು ಬಂದಿದೆ, ಜಾತಿ ಸರ್ಟಿಫಿಕೇಟು ಒಂದಿದ್ದರೆ ಸಾಕು ಎಂದರು ಜೀವಶಾಸ್ತ್ರದ ಮೇಷ್ಟರು. ಸರ್ಟಿಫಿಕೇಟು ತರಲು ಊರಿಗೆ ಹೋದ ಅಪ್ಪ ಹದಿನೈದು ದಿನ ಬಿಟ್ಟು ಬಂದ. ಕೈಯಲ್ಲಿ ಸರ್ಟಿಫಿಕೇಟು ಇರಲಿಲ್ಲ, ಬಾಯಲ್ಲಿ ಮದುವೆಯ ಮಾತಿತ್ತು. ವರ ಅವ್ವನ ತಮ್ಮ, ಅಂದರೆ ಸೋದರಮಾವ. ಡಾಕ್ಟರಾಗಲು ಎಷ್ಟು ವರ್ಷ ಎಂದು ಅಪ್ಪ ಕೇಳಿದ. ಐದೂವರೆ ಎಂದಾಗ ನಕ್ಕುಬಿಟ್ಟ. ಹುಲಿಗೆಮ್ಮನ ತಮ್ಮನನ್ನು ಮಾತ್ರ ಗದಗಿನ ಹಾಸ್ಟೆಲಿಗೆ ಸೇರಿಸಿದರು, ಅವನು ಮೂರು ಸಲ ಎಸ್ಸೆಸ್ಸೆಲ್ಸಿ ಫೇಲಾದ. ಗಂಡುಹುಡುಗನಿಗೆ ಮೂರು ಸಲ ಫೇಲಾಗಲೂ ಅವಕಾಶವಿತ್ತು. ಹುಲಿಗೆಮ್ಮನಿಗೆ ಒಂದು ಸಲ ಪಾಸಾದರೂ ಇರಲಿಲ್ಲ.

ಕ್ವಾರಿ ಮುಚ್ಚಿ ಅಪ್ಪ, ಅವ್ವ ಗೋವಾದ ಕಡೆ ಹೋದರು. ಮದುವೆಯನ್ನು ಬರುವ ಯುಗಾದಿಗೆ, ಬರುವ ಯುಗಾದಿಗೆ ಎಂದು ಹುಲಿಗೆಮ್ಮ ಮುಂದೂಡುತ್ತಾ ಬಂದಳು. ಮೇಷ್ಟರ ಮಾತಿನ ಮೇಲೆ ಕುಂದಾಪುರದ ಈ ನರ್ಸಿಂಗ್ ಹೋಮಿನಲ್ಲಿ ಅವಳಿಗೆ ಆಯಾ ಕೆಲಸ ಸಿಕ್ಕಿತು. ಹಿಂದಿನ ಸ್ಟೋರಿನ ಪಕ್ಕ ಒಂದು ಕೋಣೆ, ಒಂದು ಮಂಚ, ಒಂದು ಟ್ರಂಕು. ಎಲ್ಲ ಹೆಂಗಸರೂ ಅವಳ ಹತ್ತಿರ ಮಾತಾಡುತ್ತಿದ್ದರು. ಮಗು ಹಿಡಿದುಕೋ, ಬಟ್ಟೆ ತಗೋ, ಬಚ್ಚಲು ಎಲ್ಲಿ? ನೀನು ಊಟ ಮಾಡಿದೆಯಾ ಎಂದು ಕೇಳುತ್ತಿದ್ದವಳು ಜಲಜ ಒಬ್ಬಳೇ. ಕ್ವಾರಿ ಹೋದ ಮೇಲೆ ಆಕೆ ಪೇಟೆಗೆ ಬಂದು ನರ್ಸಿಂಗ್ ಹೋಮಿನ ಗೇಟಿನ ಹತ್ತಿರ, ಬಾದಾಮಿ ಮರದಡಿ ಕೂರುತ್ತಿದ್ದಳು. ಹತ್ತು ಗಂಟೆಗೆ ಏಳುವಾಗ "ಹ್ವಾಯ್, ಮಂಡಿ ಹೆಣ್ಣೇ!" ಎಂದು ಕೂಗುವಳು. ಹುಲಿಗೆಮ್ಮ ಕೈಯ ಕೆಲಸ ಬಿಟ್ಟು ಓಡಿಬಂದು ಬುಟ್ಟಿಗೆ ಕೈ ಕೊಡುವಳು. ದಿನಕ್ಕೆ ಒಮ್ಮೆ ಯಾರಾದರೂ ಹೆಸರಿಟ್ಟು ಕರೆಯುತ್ತಾರಲ್ಲ ಎಂಬುದೇ ಅವಳ ಪಾಲಿನ ಹಬ್ಬ.

ಪದ್ದು ಆ ಜಲಜಳ ಮಗಳು. ಬೈಂದೂರಿನ ಯಡ್ತರೆಗೆ ಕೊಟ್ಟಿದ್ದರು. ಗಂಡ ಬೋಟಿಗೆ ಹೋಗುತ್ತಿದ್ದ.

*

ಹೀಗಿರುವಾಗ ಹುಲಿಗೆಮ್ಮ ಬಾಯಿ ಯಾಕೆ ಮುಚ್ಚಿದಳು ಎಂದರೆ, ಒಂದು ಪತ್ರಕ್ಕಾಗಿ.

ಬ್ರಹ್ಮಾವರದ ಒಂದು ನರ್ಸಿಂಗ್ ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದ ಬಡ ಹೆಣ್ಣುಮಕ್ಕಳಿಗೆಂದು ಎರಡು ಸೀಟು ಇಡುತ್ತಿದ್ದರು. ಊಟ, ವಸತಿ, ಓದು ಎಲ್ಲ ಪುಕ್ಕಟೆ. ಹೆರಿಗೆ ಡಾಕ್ಟರೊಬ್ಬರು ತಾವೇ ಬರೆದು ಸಹಿ ಹಾಕಿದ ಪತ್ರ ಬೇಕು, ಅಷ್ಟೇ. ದೊಡ್ಡ ಡಾಕ್ಟರಿಗೆ ವಯಸ್ಸಾಗಿ ಹೆರಿಗೆ ವಿಭಾಗವನ್ನು ಹೊಸದಾಗಿ ಬಂದ ವಿನಯಾ ಮೇಡಂ ಅವರಿಗೆ ಬಿಟ್ಟುಕೊಟ್ಟಿದ್ದರು. "ಮೇಡಂ ಹತ್ರ ಬರೆಸ್ಕೋ" ಎಂದಿದ್ದರು. ಯುಗಾದಿಗೆ ಇನ್ನು ಮೂರೇ ವಾರ. ಅವ್ವ ಗೋವಾದಿಂದ ಫೋನು ಮಾಡಿ "ಈ ಸಲ ತಪ್ಪಿಸಬ್ಯಾಡ ಹುಲಿಗೆವ್ವ. ನಿನ್ನ ಮಾವ ಎಷ್ಟ ದಿನ ಕಾಯ್ತಾನ? ನಿನಗೂ ಇಪ್ಪತ್ತಾತು" ಎಂದಿದ್ದಳು. ಸೀಟು ಸಿಕ್ಕರೆ ಮೂರು ವರ್ಷ ಯಾರೂ ಕೇಳುವುದಿಲ್ಲ. ಸಿಗದಿದ್ದರೆ ಅಪ್ಪ ಬಂದು ಕರೆದುಕೊಂಡು ಹೋಗುತ್ತಾನೆ.

ಮೇಡಂ ಕೆಟ್ಟವರಲ್ಲ. ಮೊದಮೊದಲು ಜನರ ಮಾತು ತಿಳಿಯದೆ ಒದ್ದಾಡುವಾಗ ಹುಲಿಗೆಮ್ಮ ಪಕ್ಕದಲ್ಲಿ ನಿಂತು ಬಿಡಿಸಿ ಹೇಳುತ್ತಿದ್ದಳು, ಅವರೂ ಕೇಳಿಕೊಳ್ಳುತ್ತಿದ್ದರು. ಕಳೆದ ವಾರ ಬಸ್ರೂರಿನ ಹೆಂಗಸೊಬ್ಬಳು "ಆಸ್ರಿ ಆತಿತ್ತ್" ಎಂದಾಗ ಮೇಡಂ, ಮನೆಯಲ್ಲಿ ಆಸರೆ ಇಲ್ಲವೇನೋ ಎಂದು ತಿಳಿದು, "ಗಂಡ ನೋಡ್ಕೊಳಲ್ವಾ?" ಎಂದುಬಿಟ್ಟರು. "ಬಾಯಾರಿಕೆ ಅಂತ ಮೇಡಂ" ಎಂದಳು ಹುಲಿಗೆಮ್ಮ. ಹೆಂಗಸಿನ ಅತ್ತೆ ಬಿದ್ದು ಬಿದ್ದು ನಕ್ಕಳು. "ಅಯ್ಯೋ, ಘಟ್ಟದ್ ಆಯಾ ಡಾಕ್ಟ್ರಿಗೇ ಕನ್ನಡ ಹೇಳಿಕೊಡ್ತಲೆ!" ಕಾಯುತ್ತಿದ್ದ ಸಾಲಿಡೀ ನಕ್ಕಿತು.

ಸಾಲು ಮುಗಿದ ಮೇಲೆ ಮೇಡಂ ಬಾಗಿಲು ಹಾಕಿಸಿದರು. "ನಂಗೆ ಕನ್ನಡ ಬರಲ್ವಾ? ನಾನೇನು ಇಂಗ್ಲೆಂಡಿಂದ ಬಂದಿದ್ದೀನಾ? ಇನ್ನೊಂದ್ಸಲ ನನ್ನ ಪೇಷಂಟ್ ಮುಂದೆ ಬಾಯಿ ಹಾಕಿದ್ರೆ ಆ ಲೆಟರ್ ಮರ್ತುಬಿಡು."

ಅದಕ್ಕೇ ಆ ದಿನ ಹುಲಿಗೆಮ್ಮ ಮುಂದಿನವಳನ್ನು ಕರೆದಳು. ಸಾಲು ಕರಗಿ ಗೇಟಿಗೆ ಓಡುವಷ್ಟರಲ್ಲಿ ಬೈಂದೂರು ಬಸ್ಸು ಹೋಗಿಯಾಗಿತ್ತು.

ಇರಲಿ. ಅಲ್ಲಿಯವರೆಗೆ ನಡೆದದ್ದನ್ನು ಹೆದರಿಕೆ ಎನ್ನಬಹುದು. ಮಾರನೆಯ ದಿನದ್ದಕ್ಕೆ ಬೇರೆ ಹೆಸರಿದೆ.

ಮಾರನೆಯ ಬೆಳಿಗ್ಗೆ ಜಲಜ ಬುಟ್ಟಿ ಇಳಿಸುತ್ತಲೇ ಕೇಳಿದಳು. "ನಿನ್ನೆ ಪದ್ದು ಬಂದಿತ್ತಂಬ್ರಲೆ? ಎಂತ ಅಂದ್ರ್ ಡಾಕ್ಟ್ರ್?"

ಆ ಮಧ್ಯಾಹ್ನ ಮೇಡಂ ಪತ್ರ ಬರೆದುಕೊಡುತ್ತೇನೆಂದು ಹೇಳಿದ್ದರು. ಈಗ ಜಲಜಳಿಗೆ ಹೇಳಿದರೆ ಆಕೆ ಇಲ್ಲೇ, ಗೇಟಿನಲ್ಲೇ ಬೊಬ್ಬೆ ಹಾಕುವಳು. ಹಾಕದಿದ್ದರೆ ಆಕೆ ಜಲಜಳೇ ಅಲ್ಲ. ನಾಳೆ ಹೇಳಿದರಾಯಿತು. ನೂರ ನಲವತ್ತು ಅಂಥ ದೊಡ್ಡದೇನಲ್ಲ. ಒಂದು ದಿನದಲ್ಲಿ ಏನಾಗುತ್ತದೆ?

"ಎಂತ ಇಲ್ಲೆ ಜಲಜಕ್ಕ. ಭಾರ ಹೊರುಕಾಗ ಅಂದ್ರ್. ಮುಲಾಮ್ ಕೊಟ್ಟಿರ್."

"ನಾ ಹೇಳಿರೆ ಕೇಂತಿಲ್ಲ ಅದ್. ಡಾಕ್ಟ್ರ್ ಹೇಳಿರೆ ಕೇಂತ್" ಎಂದು ಜಲಜ ಸಮಾಧಾನದಿಂದ ಬಂಗಡೆಯ ಮೇಲೆ ನೀರು ಚಿಮುಕಿಸಿದಳು. ಎರಡು ದೊಡ್ಡ ಬಂಗಡೆ ಆರಿಸಿ ಎಲೆಯಲ್ಲಿ ಕಟ್ಟಿ, ಬೇಡವೆಂದರೂ ಕೇಳದೆ ಹುಲಿಗೆಮ್ಮನ ಕೈಗೆ ತುರುಕಿದಳು.

ಆ ಮಧ್ಯಾಹ್ನ ಮೇಡಂಗೆ ಎರಡು ಸಿಸೇರಿಯನ್ ಬಂದು ಪತ್ರ ಬರೆಯಲಾಗಲಿಲ್ಲ. ಮರುದಿನ ಬಾದಾಮಿ ಮರದಡಿ ಜಲಜ ಇರಲಿಲ್ಲ. ಬೆಳಗಿನ ಜಾವ ಪದ್ದುವಿಗೆ ಫಿಟ್ಸ್ ಬಂದು, ಜೀಪಿನಲ್ಲಿ ಉಡುಪಿಯ ದೊಡ್ಡ ಆಸ್ಪತ್ರೆಗೆ ಒಯ್ದರಂತೆ ಎಂದು ಬೈಂದೂರಿನಿಂದ ಬಂದ ಹೆಂಗಸರು ಮಾತಾಡಿಕೊಂಡರು. ಪದ್ದು ಉಳಿದಳು. ಮಗು ಉಳಿಯಲಿಲ್ಲ. ಗಂಡು ಮಗುವಂತೆ.

ಹುಲಿಗೆಮ್ಮ ಸ್ಟೋರಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳು ಬರಲಿಲ್ಲ. ಬಂಗಡೆಯ ವಾಸನೆ ಕೈಯಲ್ಲಿ ಇನ್ನೂ ಇತ್ತು, ಸೋಪು ಹಾಕಿ ಮೂರು ಸಲ ತೊಳೆದಳು.

*

ಹನ್ನೊಂದನೆಯ ದಿನ ಯಡ್ತರೆಯಿಂದ ಜನ ಬರುತ್ತಾರೆಂದು ಸುದ್ದಿ ಬಂತು. ಪದ್ದುವಿನ ಮೈದುನ ಸೂರ ಮುಲಾಮಿನ ಟ್ಯೂಬನ್ನು ಮದ್ದಿನಂಗಡಿಯಲ್ಲಿ ತೋರಿಸಿದ್ದ. ಇದು ಗಂಟುನೋವಿಗೆ ಹಚ್ಚುವುದು ಎಂದಿದ್ದರಂತೆ ಅಂಗಡಿಯವರು. ಪದ್ದು ಅದನ್ನು ಎರಡು ರಾತ್ರಿ ಹಣೆಗೆ ಹಚ್ಚಿಕೊಂಡು ಮಲಗಿದ್ದಳು.

ಅವರು ಬರುವ ಮುಂಚೆ ದೊಡ್ಡ ಡಾಕ್ಟರು ಹುಲಿಗೆಮ್ಮನನ್ನು ಕೋಣೆಗೆ ಕರೆಸಿದರು. ವಿನಯಾ ಮೇಡಂ ಕಿಟಕಿಯ ಹತ್ತಿರ ಕೂತಿದ್ದರು. ಕೂದಲು ಬಾಚಿರಲಿಲ್ಲ.

ದೊಡ್ಡ ಡಾಕ್ಟರ ಮಾತು ಯಾವಾಗಲೂ ಮೆತ್ತಗೆ. "ಕಾಣ್ ಹುಲಿಗೆಮ್ಮ, ಮೇಡಂ ಊರಿಗೆ ಹೊಸಬ್ರ್. ಆಯಾ ಹೇಳ್ದಾಂಗೆ ಬರ್ದ್ರ್ ಅಂತ ಆರೆ ಎಲ್ಲ ಸಲೀಸ್. ಮಂಡಿ ಅಂದ್ರೆ ನೀ ಮೊಣಕಾಲ್ ಅಂದ್ಕಂಡೆ, ಹಾಂಗೇ ಹೇಳ್ದೆ. ನೀನೂ ಘಟ್ಟದ್ ಮೇಲಿನವ್ಳೇ ಅಲ್ದಾ, ಜನ ನಂಬ್ತ್ರ್. ಫಿಟ್ಸ್ ಬಂದ್ ಮೇಲೆ ಪದ್ದುಗೆ ಆ ದಿನದ್ದ್ ಎಂತದೂ ನೆನಪಿಲ್ಲ ಅಂಬ್ರ್. ನಿನ್ ಮೇಲೆ ಯಾರೂ ಕೇಸ್ ಹಾಕುದಿಲ್ಲ. ಇವತ್ತೇ ಪತ್ರ ಕೊಡುಸ್ತೆ. ಬ್ರಹ್ಮಾವರಕ್ಕೆ ನಾನೇ ಫೋನ್ ಮಾಡ್ತೆ."

"ನನಗ್ ಗೊತ್ತಿತ್ತಲ್ದಾ ಡಾಕ್ಟ್ರೇ" ಎಂದಳು ಹುಲಿಗೆಮ್ಮ. ಆ ಮಾತೂ ಕುಂದಾಪುರದ್ದೇ ಆಗಿ ಬಾಯಿಂದ ಬಂತು. "ಮಂಡಿ ಅಂದ್ರೆ ಎಂತ ಅಂತ ನನಗ್ ಗೊತ್ತಿತ್ತ್."

"ಗೊತ್ತಿದ್ದೂ ಹೇಳ್ಲಿಲ್ಲ ಅಂದ್ರೆ ಅದ್ ಇನ್ನೂ ದೊಡ್ ತಪ್ಪಲ್ದಾ?"

ಆ ಮಾತು ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ದೊಡ್ಡ ಡಾಕ್ಟರು ವಾರ್ಡಿಗೆಂದು ಎದ್ದು ಹೋದರು.

ವಿನಯಾ ಮೇಡಂ ಕಿಟಕಿಯಿಂದ ಮುಖ ತಿರುಗಿಸದೆ ಮಾತಾಡಿದರು. "ನಾನು ಸರ್ಜನ್ ಆಗ್ಬೇಕು ಅಂದಿದ್ದೆ. ಹೆಣ್ಮಕ್ಕಳಿಗೆ ಹೆರಿಗೇನೇ ಸರಿ, ಆಮೇಲೆ ನಿನ್ನ ಯಾರು ಮದ್ವೆ ಆಗ್ತಾರೆ ಅಂದ್ರು ನಮ್ಮಪ್ಪ. ಮದ್ವೇನೂ ಆಯ್ತು, ಅವ್ರು ದುಬೈಲಿದ್ದಾರೆ. ಇಲ್ಲಿ ದಿನಾ ಒಬ್ರಾದ್ರೂ ಕೇಳ್ತಾರೆ, ಗಂಡಸು ಡಾಕ್ಟ್ರು ಇಲ್ವಾ ಅಂತ. ನಂಗಿರೋದು ಇದೊಂದೇ ಹೆಸ್ರು ಕಣೆ. ಇದು ಹೋದ್ರೆ ಎಲ್ಲಿಗೆ ಹೋಗ್ಲಿ?"

ಆಮೇಲೆ ಅವಳ ಕಡೆ ತಿರುಗಿ, "ನಿಂಗೆ ಹೆಸ್ರು ಇನ್ನು ಬರ್ಬೇಕಷ್ಟೆ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಿಜ ಎಂದುಕೊಂಡೇ ಹೇಳಿದ್ದು.

ಹುಲಿಗೆಮ್ಮನಿಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಮರುಕ. ಮೈಸೂರಿನಿಂದ ಬಂದವರು, ಕೊಪ್ಪಳದಿಂದ ಬಂದವಳು, ಇಬ್ಬರೂ ಯಾರದೋ ಊರಿನಲ್ಲಿ ಯಾರದೋ ಮಕ್ಕಳನ್ನು ಹಿಡಿಯಲು ಬಂದವರೇ. ಆದರೆ ಮೇಡಂ ಕೈತಪ್ಪಿದರೆ ಹಿಡಿಯಲು ದೊಡ್ಡ ಡಾಕ್ಟರಿದ್ದರು. ಆಯಾ ಕೈತಪ್ಪಿದರೆ ಹಿಡಿಯುವವರು ಯಾರು? ಅಪ್ಪ ಬಂದು ಹಿಡಿಯುತ್ತಾನೆ, ರಟ್ಟೆ ಹಿಡಿದು ಬಸ್ಸು ಹತ್ತಿಸುತ್ತಾನೆ.

*

ಯಡ್ತರೆಯಿಂದ ನಾಲ್ಕು ಗಂಡಸರು ಬಂದರು. ಅವರ ಹಿಂದೆ ಜಲಜ.

ಬುಟ್ಟಿ ಇಲ್ಲದ ಜಲಜಳನ್ನು ಹುಲಿಗೆಮ್ಮ ಅದುವರೆಗೆ ಕಂಡಿರಲಿಲ್ಲ. ತಲೆಯ ಮೇಲೆ ಭಾರವಿಲ್ಲದೆ ಆಕೆಯ ನಡಿಗೆಯೇ ಬೇರೆಯಾಗಿತ್ತು, ಸ್ವಲ್ಪ ವಾಲಿದಂತೆ. ಆಕೆ ಕುರ್ಚಿಯಲ್ಲಿ ಕೂರದೆ ನೆಲದ ಮೇಲೆ, ಗೋಡೆಗೊರಗಿ ಕೂತಳು.

ಸೂರ ಟ್ಯೂಬನ್ನು ಮೇಜಿನ ಮೇಲೆ ಕುಕ್ಕಿದ. "ಇದ್ ಎಂತ ಡಾಕ್ಟ್ರೇ? ಮಂಡಿ ನೋವಿಗೆ ಕಾಲಿನ್ ಮದ್ದಾ? ನಮ್ ಶಿಶು ಹೋಯ್ತಲೆ!"

ದೊಡ್ಡ ಡಾಕ್ಟರು ಅವನಿಗೆ ಪೂರ್ತಿ ಮಾತಾಡಲು ಬಿಟ್ಟರು. ಆಮೇಲೆ ತಮ್ಮ ಮೆತ್ತಗಿನ ಸ್ವರದಲ್ಲಿ, ಆದದ್ದು ದೊಡ್ಡ ಅನ್ಯಾಯ, ತಮ್ಮ ಮನೆಯ ಶಿಶು ಹೋದ ಹಾಗೇ ಆಗಿದೆ ಎಂದರು. ಮೇಡಂಗೆ ಇಲ್ಲಿಯ ಮಾತು ಬರುವುದಿಲ್ಲ, ಅದಕ್ಕೆಂದೇ ಜೊತೆಗೆ ಆಯಾ ಇಟ್ಟದ್ದು, ಆಯಾ ಹೇಳಿದ್ದನ್ನು ಅವರು ಬರೆದರು ಎಂದರು. "ಅದೂ ಪಾಪ, ಘಟ್ಟದ್ ಮೇಲಿನ್ ಹೆಣ್ಣ್. ತಿಳೀಲಿಲ್ಲ ಅದಕ್ಕೆ. ಬೇಕಾರೆ ಕೇಣಿ. ಇಲ್ಲೇ ಇತ್ತ್."

ಎಲ್ಲರೂ ಹುಲಿಗೆಮ್ಮನ ಕಡೆ ತಿರುಗಿದರು. ಸೂರ ಏನೋ ಕೇಳಲು ಬಾಯಿ ತೆರೆದ. ಅವನಿಗಿಂತ ಮೊದಲು ನೆಲದಿಂದ ಜಲಜಳ ಸ್ವರ ಬಂತು.

"ಹೆಣೆ. ಮಂಡಿ ಅಂದ್ರೆ ಎಂತ?"

ಸ್ವರದಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ಗೊತ್ತಾಗಬೇಕೆಂದು ಕೇಳಿದ ಹಾಗಿತ್ತು. ಆ ಮಾತನ್ನು ಕಲಿಸಿದವಳು ಆಕೆಯೇ. ಬೈಗೆಯ ನೀರು ಸುರಿದ ಸೀರೆಯನ್ನು ಹಿಂಡುತ್ತಾ, ನಗುತ್ತಾ ಕಲಿಸಿದ್ದು. ಹನ್ನೆರಡು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದ್ದು. ಇಲ್ಲಿ ಕೂತವರಲ್ಲಿ ಬೇರೆ ಯಾರಿಗೆ ಬೇಕಾದರೂ ಸುಳ್ಳು ಹೇಳಬಹುದಿತ್ತು.

ಮೇಜಿನ ಮೇಲೆ ಮೇಡಂ ಅವರ ಕೈ, ಕೈಯ ಕೆಳಗೆ ಆಸ್ಪತ್ರೆಯ ಹೆಸರಿದ್ದ ಖಾಲಿ ಹಾಳೆ, ಅದರ ಮೇಲೆ ಮುಚ್ಚಳ ತೆಗೆದ ಪೆನ್ನು. ಹುಲಿಗೆಮ್ಮ ಅದನ್ನು ನೋಡಿದಳು. ಆಮೇಲೆ ಬಗ್ಗಿ, ಬಲಗೈಯನ್ನು ತನ್ನ ಮೊಣಕಾಲಿನ ಮೇಲೆ ಇಟ್ಟಳು.

ಜಲಜ ಆ ಕೈಯನ್ನೇ ನೋಡುತ್ತಾ ಕೂತಳು. ತುಂಬ ಹೊತ್ತೇನಲ್ಲ. ಹುಲಿಗೆಮ್ಮ ಕಾದಳು. ಬೈಯಲಿ, ಕೂದಲು ಹಿಡಿದು ಎಳೆಯಲಿ, ಇದು ಸುಳ್ಳು ಹೇಳುತ್ತಿದೆ ಎಂದು ಕೂಗಲಿ ಎಂದು ಬೇಡಿಕೊಂಡಳು. ಒಂದು ಮಾತು ಸಾಕಿತ್ತು. ಆ ಮಾತನ್ನು ಜಲಜ ಆಡಲಿಲ್ಲ.

"ಹೌದ್ ಸೂರ" ಎಂದಳು. ನೆಲಕ್ಕೆ ಕೈಯೂರಿ ಎದ್ದಳು. "ಘಟ್ಟದ್ ಹೆಣ್ಣ್. ಅದಕ್ಕೆ ನಮ್ ಮಾತ್ ಎಂತ ಗೊತ್ತಿತ್ತ್? ಏಳಿ, ಹೋಪ. ಅಲ್ಲಿ ಪದ್ದು ಒಂದೇ ಇತ್ತ್."

ಹೋಗುವಾಗ ಹುಲಿಗೆಮ್ಮನ ಪಕ್ಕದಲ್ಲೇ ಹಾದು ಹೋದಳು. ಸೆರಗು ಕೈಗೆ ತಾಗಿತು. ನಿಲ್ಲಲಿಲ್ಲ.

ಆ ಸಂಜೆ ಪತ್ರ ಕೈಗೆ ಬಂತು. ಹುಲಿಗೆಮ್ಮ ಕೋಣೆಗೆ ಒಯ್ದು ಮಂಚದ ಮೇಲೆ ಕೂತು ಓದಿದಳು. ಈಕೆ ಎರಡು ವರ್ಷದಿಂದ ನಮ್ಮಲ್ಲಿ ಕೆಲಸ ಮಾಡುತ್ತಿದ್ದಾಳೆ, ಶುಚಿಯಾಗಿರುತ್ತಾಳೆ, ವಿಧೇಯಳು, ಹೇಳಿದಷ್ಟನ್ನೇ ಮಾಡುತ್ತಾಳೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಕೊನೆಯ ಸಾಲನ್ನು ಎರಡು ಸಲ ಓದಿದಳು. ಯುಗಾದಿಗೆ ಬರುವುದಿಲ್ಲ, ಸೀಟು ಸಿಗುತ್ತದೆ ಎಂದು ಅವ್ವನಿಗೆ ಫೋನು ಮಾಡಿದಳು. "ಡಾಕ್ಟ್ರ ಆಗ್ತಿಯೇನ?" ಎಂದಳು ಅವ್ವ. "ಇಲ್ಲವ್ವ, ನರ್ಸ" ಎಂದಳು. "ಎರಡೂ ಒಂದ ಅಲ್ಲನು?" ಎಂದಳು ಅವ್ವ. ಹೌದೆಂದು ಹುಲಿಗೆಮ್ಮ ಫೋನು ಇಟ್ಟಳು.

*

ಮೇ ತಿಂಗಳ ಕೊನೆಯ ಸೋಮವಾರ ಅವಳು ಬ್ರಹ್ಮಾವರಕ್ಕೆ ಹೊರಟಳು. ಮೇಡಂ ಬಾಗಿಲವರೆಗೆ ಬಂದು ಹೊಸ ವಾಚೊಂದನ್ನು ಕಟ್ಟಿದರು, ನಾಡಿ ನೋಡುವಾಗ ಬೇಕಾಗುತ್ತದೆ ಎಂದರು. ಟ್ರಂಕು ಎತ್ತಿಕೊಂಡು ಗೇಟು ದಾಟಿದಾಗ ಬಾದಾಮಿ ಮರದಡಿ ಜಲಜ ಇದ್ದಳು.

ಎರಡು ತಿಂಗಳಾದ ಮೇಲೆ ಆಕೆ ಬಂದದ್ದು ಅಂದೇ ಮೊದಲು. ಮಳೆಗಾಲ ಹತ್ತಿರವಾಗಿ ಬೋಟುಗಳು ದಡಕ್ಕೇರುವ ಸಮಯ, ಮೀನು ಹೆಚ್ಚಿರಲಿಲ್ಲ. ಬುಟ್ಟಿಯಲ್ಲಿ ಅರ್ಧದಷ್ಟು ಬೈಗೆ ಉಳಿದಿತ್ತು. ಹತ್ತು ಗಂಟೆಯಾಗಿತ್ತು. ಜಲಜ ತಕ್ಕಡಿಯನ್ನು ಬುಟ್ಟಿಯೊಳಗಿಟ್ಟು, ಬಟ್ಟೆಯ ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಸುತ್ತ ನೋಡಿದಳು. ಹುಲಿಗೆಮ್ಮನನ್ನು ಕಂಡಳು. ಕೂಗಲಿಲ್ಲ.

ಹುಲಿಗೆಮ್ಮ ಟ್ರಂಕನ್ನು ರಸ್ತೆಯ ಬದಿಗಿಟ್ಟು ಓಡಿದಳು. ದಿನಾ ಓಡುತ್ತಿದ್ದ ಹಾಗೆಯೇ. ಬಗ್ಗಿ ಬುಟ್ಟಿಯ ಅಂಚಿಗೆ ಕೈ ಹಾಕಿದಳು. "ಜಲಜಕ್ಕ" ಎಂದಳು.

ಜಲಜ ಎತ್ತಲಿಲ್ಲ. ಬುಟ್ಟಿಯ ಮೇಲೆ ಕೈಯಿಟ್ಟು ಸುಮ್ಮನೆ, ರಸ್ತೆ ನೋಡುತ್ತಾ ಕಾದಳು. ಎದುರಿನ ಅಂಗಡಿಯವನು ಶಟರು ಎತ್ತಿದ, ಒಂದು ಆಟೋ ಹೋಯಿತು, ಆಕೆ ಇನ್ನೂ ಕಾಯುತ್ತಲೇ ಇದ್ದಳು. ಕೊನೆಗೆ ಹುಲಿಗೆಮ್ಮ ಕೈ ತೆಗೆದಳು.

ಜಲಜ ಒಂದು ಕಾಲನ್ನು ಮುಂದಿಟ್ಟು ಬಗ್ಗಿದಳು. ಒಬ್ಬಳೇ ಬುಟ್ಟಿಯನ್ನೆಳೆದು, ಉಸಿರು ಬಿಗಿಹಿಡಿದು, ಮೊದಲು ಮೊಣಕಾಲಿನ ಮೇಲೆ ಇಟ್ಟುಕೊಂಡಳು. ಬುಟ್ಟಿ ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಬೈಗೆಯ ನೀರು ಸೀರೆಯ ಮೇಲೆ ಇಳಿದು ಪಾದದವರೆಗೆ ಹರಿಯಿತು. ಆಮೇಲೆ ಒಂದೇ ಎಳೆತಕ್ಕೆ ಅದನ್ನು ತಲೆಗೇರಿಸಿ, ಕುತ್ತಿಗೆ ಸರಿಮಾಡಿಕೊಂಡು, ಪೇಟೆಯ ಒಳದಾರಿಗೆ ನಡೆದಳು.

"ಬ್ರಹ್ಮಾವರ, ಉಡ್ಪೀ" ಎಂದು ಬಸ್ಸಿನವನು ಕೂಗುತ್ತಿದ್ದ. ಹುಲಿಗೆಮ್ಮ ಟ್ರಂಕಿನ ಪಕ್ಕ ನಿಂತಿದ್ದಳು. ಬುಟ್ಟಿಯ ಅಂಚು ಮುಟ್ಟಿದ ಕೈ ಒದ್ದೆಯಾಗಿತ್ತು, ಅದನ್ನು ಎಲ್ಲಿ ಒರೆಸಿಕೊಳ್ಳಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡಿದ್ದಳು.